ಕಡಲು ಅರೆಯುವ ಮೊದಲು

ಕಾರವಾರದಿಂದ ಉಳ್ಳಾಲದವರೆಗಿನ ಕಡಲಂಚಿನ ಗ್ರಾಮ ಪಂಚಾಯತಿ, ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆಗಳ ಸದಸ್ಯರಿಗೆ,



ನಮ್ಮ ಕಡಲತೀರದಲ್ಲಿ ಪ್ಲಾಸ್ಟಿಕ್ ಹೆಕ್ಕುವುದಕ್ಕೆ ಗೊತ್ತುಮಾಡಿದ ದಿನಗಳಿವೆ. ಜೂನ್ 5ರ ವಿಶ್ವ ಪರಿಸರ ದಿನ ಒಂದು. ಸೆಪ್ಟೆಂಬರಿನ ಮೂರನೆಯ ಶನಿವಾರದ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನ ಇನ್ನೊಂದು. ಅಕ್ಟೋಬರ್ 2ರ ಗಾಂಧಿ ಜಯಂತಿ ಮತ್ತೊಂದು. ಆ ದಿನಗಳಂದು ಶಾಲೆಯ ಮಕ್ಕಳು, ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಯುವಕ ಮಂಡಲದವರು, ಅವರ ಜೊತೆಗೆ ನೀವೂ ಕೈಗವಸು ತೊಟ್ಟು ಮರಳಿಗಿಳಿಯುತ್ತೀರಿ. ಆ ಶ್ರಮವನ್ನು ಹಗುರ ಮಾಡಲು ಈ ಪತ್ರ ಬರೆಯುತ್ತಿಲ್ಲ. ಆದರೆ ಆ ಮೂರೂ ದಿನಗಳನ್ನು ಒಮ್ಮೆ ನಮ್ಮ ಮಳೆಗಾಲದ ಪಕ್ಕದಲ್ಲಿಟ್ಟು ನೋಡಿ. ಒಂದು ಮಳೆ ಹಿಡಿಯುವ ಹೊತ್ತಿನದು, ಉಳಿದೆರಡು ಮಳೆ ಇಳಿಮುಖವಾದ ಮೇಲಿನವು. ಬೇಸಿಗೆಯ ಪಾಲಿಗೆ ಒಂದೂ ಇಲ್ಲ. ಪ್ಲಾಸ್ಟಿಕ್ ಹೇಗೆ ಪುಡಿಯಾಗುತ್ತದೆ ಎಂಬುದರ ಬಗ್ಗೆ ಕಳೆದ ಎರಡು ದಶಕಗಳಲ್ಲಿ ತಿಳಿದುಬಂದಿರುವುದನ್ನು ಒಪ್ಪುವುದಾದರೆ, ನಮ್ಮ ಕರಾವಳಿಯಲ್ಲಿ ಹೆಕ್ಕುವ ಕೆಲಸಕ್ಕೆ ಗಡುವು ಮೇ 31. ಈ ಗಡುವನ್ನು ಹಾಕುವವರು ವಿಜ್ಞಾನಿಗಳಲ್ಲ, ಬಿಸಿಲು ಮತ್ತು ಅಲೆ. ಅದು ಹೇಗೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮೊದಲು ಒಂದು ಪದದ ಗೊಂದಲ ಬಿಡಿಸೋಣ. ಪ್ಲಾಸ್ಟಿಕ್ ‘ಕರಗಲು’ ನಾನೂರು ವರ್ಷ ಬೇಕು, ಸಾವಿರ ವರ್ಷ ಬೇಕು ಎಂದು ಜಾಗೃತಿ ಫಲಕಗಳಲ್ಲಿ ಬರೆದಿರುತ್ತದೆ. ಅದನ್ನು ಯಾರೂ ನಿಂತು ಅಳೆದಿಲ್ಲ. ಪ್ಲಾಸ್ಟಿಕ್ಕನ್ನು ರಾಶಿ ರಾಶಿಯಾಗಿ ತಯಾರಿಸಲು ಶುರುಮಾಡಿ ಇನ್ನೂ ನೂರು ವರ್ಷ ಆಗಿಲ್ಲ. ಅಂಕಿ ಹಾಗಿರಲಿ, ಕರಗುವುದು ಎಂಬ ಮಾತೇ ಇಲ್ಲಿ ಸಲ್ಲದು. ಉಪ್ಪು ಕರಗುತ್ತದೆ. ತೆಂಗಿನ ಮಡಲು, ಸತ್ತ ಮೀನು ಕೊಳೆಯುತ್ತವೆ, ಕೊಳೆತು ಬೇರೆ ಜೀವಿಗಳ ಮೈಯಾಗುತ್ತವೆ. ಪ್ಲಾಸ್ಟಿಕ್ ಮಾಡುವುದು ಇವೆರಡನ್ನೂ ಅಲ್ಲ, ಅದು ನುರಿಯುತ್ತದೆ. ಒಂದು ಮಗ್ಗು ಹತ್ತು ಚೂರಾಗುತ್ತದೆ, ಹತ್ತು ಸಾವಿರವಾಗುತ್ತದೆ, ಸಾವಿರ ಕಣ್ಣಿಗೆ ಕಾಣದಂತಾಗುತ್ತದೆ, ಆದರೂ ಪ್ರತಿ ಚೂರೂ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯಲ್ಲಿದ್ದ ಎಡ್ವರ್ಡ್ ಕಾರ್ಪೆಂಟರ್ ಸಾರ್ಗಾಸೋ ಸಮುದ್ರದ ಮೇಲ್ಮೈಯಲ್ಲಿ ಇಂಥ ಚೂರುಗಳು ತೇಲುತ್ತಿರುವುದನ್ನು 1972ರಲ್ಲೇ ವರದಿ ಮಾಡಿದ್ದರು. ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು 2004ರಲ್ಲಿ, ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ತೀರದ ಮರಳಿನಲ್ಲೂ 1960ರ ದಶಕದಿಂದ ಕಾದಿಟ್ಟಿದ್ದ ಪ್ಲವಕದ (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳ) ಮಾದರಿಗಳಲ್ಲೂ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ತೋರಿಸಿದ ಮೇಲೆ. ಮೈಕ್ರೋಪ್ಲಾಸ್ಟಿಕ್ ಎಂಬ ಹೆಸರು ಬಳಕೆಗೆ ಬಂದದ್ದು ಆಗ. ಐದು ಮಿಲಿಮೀಟರಿಗಿಂತ ಚಿಕ್ಕದೆಲ್ಲ ಅದೇ ಎಂಬ ಅಳತೆ ಆಮೇಲೆ ರೂಢಿಯಾಯಿತು. ಹೆಚ್ಚುಕಡಿಮೆ ಒಂದು ಕಡಲೆಕಾಳಿನಿಂದ ಕೆಳಗೆ ಎಂದು ಇಟ್ಟುಕೊಳ್ಳಿ.

ಇನ್ನು ನುರಿಯುವ ಬಗೆ. ಕರಾವಳಿಯವರಿಗೆ ಇದನ್ನು ವಿವರಿಸಲು ಹಲಸಿನ ಹಪ್ಪಳಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಹಸಿ ಹಪ್ಪಳವನ್ನು ಮಡಚಬಹುದು. ನಾಲ್ಕು ಬಿಸಿಲು ಕಂಡ ಹಪ್ಪಳ ಬೆರಳು ಸೋಕಿದರೆ ಮುರಿಯುತ್ತದೆ. ಹಪ್ಪಳದಿಂದ ಬಿಸಿಲು ಹೀರುವುದು ನೀರನ್ನು, ಪ್ಲಾಸ್ಟಿಕ್ಕಿನಲ್ಲಿ ಅದು ಕಡಿಯುವುದು ಸರಪಳಿಯನ್ನು. ವ್ಯತ್ಯಾಸ ಇಷ್ಟೆ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳೆಂದರೆ ಸಾವಿರಾರು ಇಂಗಾಲದ ಪರಮಾಣುಗಳು ಒಂದಕ್ಕೊಂದು ಕೈ ಹಿಡಿದು ನಿಂತ ಉದ್ದನೆಯ ಸರಪಳಿಗಳು. ಪ್ಲಾಸ್ಟಿಕ್ಕಿನ ಬಾಗುವ ಗುಣ, ಜಗ್ಗಿದರೂ ಹರಿಯದ ಗುಣ ಬಂದಿರುವುದು ಈ ಉದ್ದದಿಂದಲೇ. ಬಿಸಿಲಿನ ನೇರಳಾತೀತ ಕಿರಣ, ತಯಾರಿಕೆಯ ವೇಳೆ ಸರಪಳಿಯಲ್ಲಿ ಉಳಿದುಹೋದ ಕಲ್ಮಶಗಳ ಮೇಲೆ ಬಿದ್ದು ಅಲ್ಲೊಂದು ಕೊಂಡಿಯನ್ನು ಕಳಚುತ್ತದೆ. ಕಳಚಿದ ಜಾಗಕ್ಕೆ ಗಾಳಿಯ ಆಮ್ಲಜನಕ ಬಂದು ಕೂರುತ್ತದೆ, ಅದು ಪಕ್ಕದ ಕೊಂಡಿಯನ್ನು ಕೆಣಕುತ್ತದೆ. ಒಮ್ಮೆ ಹೊತ್ತಿಕೊಂಡರೆ ತಾನಾಗಿ ಮುಂದುವರಿಯುವ ಕ್ರಿಯೆ ಇದು. ಶಾಖ ಹೆಚ್ಚಿದಷ್ಟೂ ವೇಗ ಹೆಚ್ಚು. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಕೆಲವು ರಾಸಾಯನಿಕಗಳನ್ನು ಸೇರಿಸಿರುತ್ತಾರೆ, ಅವು ಖರ್ಚಾಗುವವರೆಗೆ ವಸ್ತು ಗಟ್ಟಿಯಾಗಿಯೇ ಕಾಣುತ್ತದೆ. ಆಮೇಲೆ ಮೇಲ್ಪದರ ಬಿಳಿಚಿಕೊಂಡು ಬಿರುಕು ಬಿಡುತ್ತದೆ. ಅಂಗಳದಲ್ಲಿ ಎರಡು ಬೇಸಿಗೆ ಕಳೆದ ಪ್ಲಾಸ್ಟಿಕ್ ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆದರೆ ಉದುರುವ ಬಿಳಿ ಹುಡಿ ಇದೇ.

ನನ್ನ ವಾದ ನಿಂತಿರುವುದು ಇಲ್ಲಿಂದ ಮುಂದಿನ ಮಾತಿನ ಮೇಲೆ. ಈ ಕ್ರಿಯೆಗೆ ಬೇಕಾದ್ದು ಮೂರು: ನೇರಳಾತೀತ ಕಿರಣ, ಆಮ್ಲಜನಕ, ಶಾಖ. ಸಮುದ್ರದ ನೀರಿನಲ್ಲಿ ಮೂರಕ್ಕೂ ಬರ. ತೇಲುವ ಚೀಲದ ಬಿಸಿ ಸುತ್ತಲಿನ ನೀರಿನ ಬಿಸಿಗಿಂತ ಹೆಚ್ಚೇನೂ ಏರದು. ಕೆಲವೇ ವಾರಗಳಲ್ಲಿ ಅದರ ಮೈಗೆ ಪಾಚಿ, ಬಳಿಕ ಚಿಪ್ಪುಜೀವಿಗಳು ಅಂಟಿ ಬಿಸಿಲಿಗೆ ಮರೆಯಾಗುತ್ತವೆ. ಭಾರ ಹೆಚ್ಚಾಗಿ ಮುಳುಗಿದರಂತೂ ಕತ್ತಲೆ, ಚಳಿ. ಅಲ್ಲಿ ಅದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಭೂಮಿಯ ಅತ್ಯಂತ ಆಳದ ಮರಿಯಾನಾ ಕಂದರದಲ್ಲಿ, ಸುಮಾರು 10,900 ಮೀಟರ್ ಕೆಳಗೆ, 1998ರಲ್ಲಿ ಜಪಾನಿನ ನೌಕೆಯ ಕ್ಯಾಮೆರಾಕ್ಕೆ ಸಿಕ್ಕಿದ ಪ್ಲಾಸ್ಟಿಕ್ ಚೀಲವನ್ನು ನೋಡಿದ ಕೂಡಲೇ ಚೀಲ ಎಂದು ಗುರುತಿಸಬಹುದಿತ್ತು. ತೀರದ ಮರಳಿನ ಮೇಲೆ ಬಿದ್ದದ್ದರ ಕತೆ ಬೇರೆ. ಅಲ್ಲಿ ನೆರಳಿಲ್ಲ, ಗಾಳಿಗೆ ತಡೆಯಿಲ್ಲ, ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲಲಾಗದಷ್ಟು ಮರಳು ಕಾದಿರುತ್ತದೆ. ಪ್ಲಾಸ್ಟಿಕ್ ಶಿಥಿಲಗೊಳ್ಳುವುದನ್ನು ದೀರ್ಘಕಾಲ ಅಧ್ಯಯನ ಮಾಡಿದ ರಸಾಯನವಿಜ್ಞಾನಿ ಆಂಟನಿ ಆಂಡ್ರಾಡಿ 2011ರಲ್ಲಿ ಬರೆದ ಸಮೀಕ್ಷೆಯಲ್ಲಿ, ಮೈಕ್ರೋಪ್ಲಾಸ್ಟಿಕ್ ಹುಟ್ಟುವ ಮುಖ್ಯ ಜಾಗ ನೀರಲ್ಲ, ತೀರ ಎಂದು ಸ್ಪಷ್ಟವಾಗಿ ವಾದಿಸಿದ್ದಾರೆ. ಪ್ಲಿಮತ್‌ನ ಇಮೋಜೆನ್ ನ್ಯಾಪರ್ ಮತ್ತು ಥಾಂಪ್ಸನ್ 2019ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಕಣ್ಣಿಗೆ ಕಾಣುವ ಪುರಾವೆ ಕೊಟ್ಟಿತು. ಐದು ಬಗೆಯ ಅಂಗಡಿ ಚೀಲಗಳನ್ನು ಅವರು ಮಣ್ಣಿನಲ್ಲಿ ಹೂತರು, ಸಮುದ್ರದಲ್ಲಿ ಮುಳುಗಿಸಿಟ್ಟರು, ಬಯಲಿಗೂ ತೂಗುಹಾಕಿದರು. ಬಯಲಿನಲ್ಲಿದ್ದವು ಒಂಬತ್ತು ತಿಂಗಳೊಳಗೆ ಎಲ್ಲವೂ ಚೂರು ಚೂರಾಗಿದ್ದವು. ಮಣ್ಣು ಮತ್ತು ಸಮುದ್ರದಲ್ಲಿದ್ದ ಕೆಲವು ಚೀಲಗಳಲ್ಲಿ ಮೂರು ವರ್ಷ ಕಳೆದ ಮೇಲೂ ಸಾಮಾನು ತುಂಬಿಸಿ ಹೊತ್ತುಕೊಂಡು ಹೋಗಬಹುದಿತ್ತು. ಅದೂ ನಮ್ಮದಕ್ಕಿಂತ ಎಷ್ಟೋ ಮಂದವಾದ ಇಂಗ್ಲೆಂಡಿನ ಬಿಸಿಲಿನಲ್ಲಿ.

ಬಿಸಿಲೊಂದೇ ಕೆಲಸ ಮುಗಿಸುವುದಿಲ್ಲ, ಒಣಗಿದ ಹಪ್ಪಳವನ್ನು ಮುರಿಯಲು ಕೈ ಬೇಕು. ಆ ಕೈ ಅಲೆಯದು. ದಕ್ಷಿಣ ಕೊರಿಯಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬಿಸಿಲಿನ ಪಾಲೆಷ್ಟು, ತಿಕ್ಕಾಟದ ಪಾಲೆಷ್ಟು ಎಂದು ಬಿಡಿಸಿ ತೋರಿಸಿತು. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಕಾಳುಗಳನ್ನು ಮರಳಿನ ಜೊತೆ ಎರಡು ತಿಂಗಳು ಉರುಳಿಸಿದರು. ಬೆಳಕು ತಾಗಿಸದೆ ಬರೀ ಉರುಳಿಸಿದಾಗ ಒಂದು ಕಾಳಿನಿಂದ ಉದುರಿದ್ದು ಎರಡರಲ್ಲೂ ಹತ್ತರ ಆಸುಪಾಸಿನಷ್ಟು ಚೂರು. ಮೊದಲು ಹನ್ನೆರಡು ತಿಂಗಳು ನೇರಳಾತೀತ ದೀಪದಡಿ ಇಟ್ಟು ಆಮೇಲೆ ಅಷ್ಟೇ ಉರುಳಿಸಿದಾಗ ಪಾಲಿಥೀನ್ ಕಾಳಿನಿಂದ ಸುಮಾರು 20 ಚೂರು ಬಂದವು, ಪಾಲಿಪ್ರೊಪಿಲೀನ್ ಕಾಳಿನಿಂದ ಸುಮಾರು 6,000. ಎರಡಕ್ಕೂ ಇಷ್ಟು ಅಂತರ ಯಾಕೆಂದರೆ ಪಾಲಿಪ್ರೊಪಿಲೀನಿನ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಕವಲಿದೆ, ಕವಲಿದ್ದಲ್ಲೆಲ್ಲ ಆಮ್ಲಜನಕಕ್ಕೆ ಬಾಗಿಲು ತೆರೆದಂತೆ. ಥರ್ಮಾಕೋಲಿನದು ಇನ್ನೂ ಕೆಟ್ಟದು. ಬೆಳಕಿನ ಸಹಾಯವಿಲ್ಲದೆಯೇ ಒಂದು ಕಾಳು ನಾಲ್ಕು ಸಾವಿರಕ್ಕೂ ಹೆಚ್ಚು ಚೂರಾಯಿತು, ಆರು ತಿಂಗಳ ಬೆಳಕಿನ ಬಳಿಕ ಹನ್ನೆರಡು ಸಾವಿರ. ದೀಪದ ಬೆಳಕು ಸೂರ್ಯನ ಬೆಳಕಲ್ಲ, ಹಾಗಾಗಿ ಈ ಅಂಕಿಗಳನ್ನು ಇದ್ದಂತೆ ನಮ್ಮ ತೀರಕ್ಕೆ ಹೊಂದಿಸಲಾಗದು. ಅನುಪಾತ ಮಾತ್ರ ನೆನಪಿನಲ್ಲಿರಲಿ. ಥರ್ಮಾಕೋಲನ್ನು ಬಿಟ್ಟರೆ, ಬಿಸಿಲು ಕಾಣದ ಪ್ಲಾಸ್ಟಿಕ್ಕನ್ನು ಅಲೆ ಉರುಳಿಸುತ್ತದೆ ಅಷ್ಟೆ, ಬಿಸಿಲು ಕಂಡದ್ದನ್ನು ಅರೆಯುತ್ತದೆ.

ಈಗ ನಮ್ಮ ಋತುಮಾನವನ್ನು ಇದರ ಎದುರಿಗೆ ಹಿಡಿದು ನೋಡಿ. ಅಕ್ಟೋಬರಿನಿಂದ ಮೇ ಕೊನೆಯವರೆಗೆ ಎಂಟು ತಿಂಗಳು ಕಡಲು ತಣ್ಣಗಿರುತ್ತದೆ, ಮಳೆ ಕಡಿಮೆ. ಈ ಅವಧಿಯಲ್ಲಿ ತೀರಕ್ಕೆ ಬಂದದ್ದು, ಪ್ರವಾಸಿಗಳು ಬಿಟ್ಟುಹೋದದ್ದು, ಗಾಳಿಗೆ ಹಾರಿ ಗಾಳಿಮರದ ತೋಪಿನ ಬುಡದಲ್ಲೂ ಮರಳು ಹಿಡಿದಿಟ್ಟ ಬಳ್ಳಿಗಳ ನಡುವೆಯೂ ಸಿಕ್ಕಿಕೊಂಡದ್ದು ಎಲ್ಲವೂ ಉಬ್ಬರದ ಗೆರೆಯ ಮೇಲೆ, ಅಲೆಗೆ ಎಟುಕದ ಜಾಗದಲ್ಲಿ ಬಿದ್ದು ಕಾಯುತ್ತದೆ. ಮಾರ್ಚಿನಿಂದ ಮೇವರೆಗಿನ ಬಿಸಿಲಿಗೆ ಅದರ ಒಣಗುವಿಕೆ ಪೂರ್ತಿಯಾಗುತ್ತದೆ. ಜೂನ್ ಮೊದಲ ವಾರದಲ್ಲಿ ಮುಂಗಾರು ಬಂದು ಕಡಲು ಏಳುತ್ತದೆ. ಮಳೆಗಾಲದಲ್ಲಿ ತೀರದ ಮರಳನ್ನು ಎಳೆದುಕೊಂಡು ಮಳೆ ಬಿಟ್ಟ ಮೇಲೆ ಮೆಲ್ಲನೆ ವಾಪಸು ತಂದು ಹರಡುವುದು ಈ ಕಡಲಿನ ಪದ್ಧತಿ. ಆ ಮರಳಿನ ಜೊತೆಗೆ, ಎಂಟು ತಿಂಗಳು ಅಲೆ ಮುಟ್ಟದಿದ್ದ ಮೇಲ್ತೀರದ ಪ್ಲಾಸ್ಟಿಕ್ ಎಲ್ಲವೂ ಒಂದೇ ಬಾರಿಗೆ ಬೀಸುಕಲ್ಲಿಗೆ ಬೀಳುತ್ತದೆ. ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳ ಸಾಲು ಇದ್ದಲ್ಲಿ ಬೀಸುಕಲ್ಲು ಎಂಬುದು ಬರೀ ರೂಪಕವೂ ಅಲ್ಲ. ಇದನ್ನೇ ಬೇಕೆಂದು ಯಂತ್ರವಾಗಿ ಕಟ್ಟಲು ಹೊರಟರೂ, ಮೊದಲು ಎಂಟು ತಿಂಗಳ ಒಣಗೂಡು, ಆಮೇಲೆ ನಾಲ್ಕು ತಿಂಗಳ ಗಿರಣಿ, ಹೀಗೆ ಜೋಡಿಸುವುದು ಕಷ್ಟವಿತ್ತು.

ಪುಡಿಯಾದರೆ ಏನಾಯಿತು, ಒಟ್ಟು ತೂಕ ಅಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ತೂಕ ಅಷ್ಟೇ, ಮೈ ಅಷ್ಟೇ ಅಲ್ಲ. ಒಂದು ಸೆಂಟಿಮೀಟರ್ ಘನವನ್ನು ಒಂದು ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ ಸಾವಿರ ಚೂರು, ಹೊರಮೈಯ ವಿಸ್ತೀರ್ಣ 6 ಚದರ ಸೆಂಟಿಮೀಟರಿನಿಂದ 60ಕ್ಕೆ ಏರುತ್ತದೆ. ಒಳಗಿನ ರಾಸಾಯನಿಕಗಳು ಹೊರಗೆ ಸೋರಲು, ಹೊರಗಿನ ವಿಷಗಳು ಅಂಟಿಕೊಳ್ಳಲು ಅಷ್ಟೂ ಜಾಗ ಸಿಕ್ಕಿತು. ಅದಕ್ಕಿಂತ ದೊಡ್ಡ ತೊಡಕು ಬೇರೆಯದು. ಬಾಟಲಿಯನ್ನು ಕೈಯಿಂದ ಹೆಕ್ಕಬಹುದು, ಪುಡಿಯನ್ನು ಹೆಕ್ಕಲು ಬಲೆಯೇ ಬೇಕು. ಸಂಶೋಧಕರು ಬಳಸುವ ಬಲೆಯ ಕಣ್ಣು ಸುಮಾರು ಮಿಲಿಮೀಟರಿನ ಮೂರನೆಯ ಒಂದು ಭಾಗ. ಅದರಲ್ಲಿ ಪ್ಲಾಸ್ಟಿಕ್ಕಿನ ಜೊತೆಗೆ ಬಂಗುಡೆ, ಬೂತಾಯಿಗಳು ತಿಂದು ಬದುಕುವ ಪ್ಲವಕವೆಲ್ಲ ಬರುತ್ತದೆ. ಸಮುದ್ರವನ್ನು ಸೋಸುವುದೆಂದರೆ ಸಮುದ್ರದ ಆಹಾರವನ್ನೇ ಸೋಸಿ ತೆಗೆದಂತೆ. 2010ರ ಒಂದೇ ವರ್ಷದಲ್ಲಿ ನೆಲದಿಂದ ಸಮುದ್ರ ಸೇರಿದ ಪ್ಲಾಸ್ಟಿಕ್ 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್ ಎಂದು ಅಮೆರಿಕದ ಜೆನ್ನಾ ಜಾಂಬೆಕ್ ತಂಡ ಅಂದಾಜು ಮಾಡಿತ್ತು. ಇಡೀ ಜಗತ್ತಿನ ಸಮುದ್ರಗಳ ಮೇಲ್ಮೈಯಲ್ಲಿ ತೇಲುತ್ತಿರುವ ಸಣ್ಣ ಚೂರುಗಳ ತೂಕ 2015ರ ಇನ್ನೊಂದು ಅಂದಾಜಿನಂತೆ 93 ಸಾವಿರದಿಂದ 2 ಲಕ್ಷ 36 ಸಾವಿರ ಟನ್ ಮಾತ್ರ. ಉಳಿದದ್ದು ಎಲ್ಲಿ? ತೀರದಲ್ಲಿ, ತಳದ ಕೆಸರಿನಲ್ಲಿ, ಜೀವಿಗಳ ಹೊಟ್ಟೆಯಲ್ಲಿ, ನಮ್ಮ ಬಲೆಗೆ ಸಿಗದಷ್ಟು ಸಣ್ಣದಾಗಿ ನೀರಿನಲ್ಲಿ. ನೀರನ್ನು ಸೋಸಿ ತಿನ್ನುವ ಚಿಪ್ಪುಜೀವಿಗಳಿಗೆ ಆಯ್ಕೆಯೇ ಇಲ್ಲ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಶೋಧಕ ಮಾರ್ಕ್ ಬ್ರೌನ್ ಒಂದು ಬಗೆಯ ನೀಲಿ ಚಿಪ್ಪುಜೀವಿಗೆ ಸೂಕ್ಷ್ಮ ಪ್ಲಾಸ್ಟಿಕ್ ತಿನ್ನಿಸಿದಾಗ, ಕಣಗಳು ಕರುಳಿನಿಂದ ರಕ್ತಪರಿಚಲನೆಗೆ ದಾಟಿ 48 ದಿನಗಳವರೆಗೂ ಅಲ್ಲಿಯೇ ಇದ್ದವು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಜೀವನ ಮಾಡುವವರ ಪಂಚಾಯತಿ ಸದಸ್ಯರು ಈ ಸಾಲನ್ನು ಎರಡು ಸಲ ಓದಬೇಕು.

ಇದಕ್ಕೆ ನಿಮ್ಮ ಸಭೆಗಳಲ್ಲಿ ಏಳಬಹುದಾದ ಆಕ್ಷೇಪಗಳು ಊಹಿಸಲಾಗದವೇನಲ್ಲ. ಎಲ್ಲಕ್ಕಿಂತ ಗಟ್ಟಿಯಾದದ್ದು ಇದು: ಮಳೆ ಬಿಟ್ಟ ಮೇಲೆ ಹೆಕ್ಕಿದರೆ ತಪ್ಪೇನು? ಸೆಪ್ಟೆಂಬರಿನಲ್ಲಿ ತೆಗೆದ ಬಾಟಲಿ ಮುಂದಿನ ಬೇಸಿಗೆಯ ಬಿಸಿಲಿಗೆ ಬೀಳುವುದೇ ಇಲ್ಲವಲ್ಲ? ನಿಜ, ಒಪ್ಪಬೇಕಾದ ಮಾತು. ಮಳೆಗಾಲದಲ್ಲಿ ನೇತ್ರಾವತಿ, ಸ್ವರ್ಣಾ, ಶರಾವತಿ, ಕಾಳಿಗಳೆಲ್ಲ ಘಟ್ಟದಿಂದ ತಂದು ಅಳಿವೆಯಾಚೆ ಸುರಿದದ್ದನ್ನು ಕಡಲು ತೀರಕ್ಕೆ ಎಸೆಯುವುದು ಆಗಲೇ, ಅದನ್ನು ಆಗ ತೆಗೆಯದಿದ್ದರೆ ಹೊರೆ ಇಮ್ಮಡಿಯಾಗುತ್ತದೆ. ಆದ್ದರಿಂದ ಸೆಪ್ಟೆಂಬರಿನ ಕೆಲಸ ಬಿಡಿ ಎನ್ನುತ್ತಿಲ್ಲ. ಆದರೆ ಅದೊಂದೇ ಸಾಲದು, ಯಾಕೆಂದರೆ ಪ್ರವಾಸಿಗಳ ಕಾಲ ಶುರುವಾಗುವುದು ಆ ಬಳಿಕ. ಅಕ್ಟೋಬರ್ ರಜೆ, ಡಿಸೆಂಬರಿನ ಕೊನೆಯ ವಾರ, ಬೇಸಿಗೆ ರಜೆ, ನಡುವೆ ಜಾತ್ರೆ, ಉತ್ಸವ, ಮದುವೆ. ಮೀನುಗಾರಿಕೆಯೂ ಭರದಿಂದ ನಡೆಯುವುದು ಇದೇ ಎಂಟು ತಿಂಗಳಲ್ಲಿ. ಇವೆಲ್ಲ ತೀರಕ್ಕೆ ಹಾಕಿದ್ದನ್ನು ಮಳೆಗೆ ಮೊದಲು ತೆಗೆಯುವ ಗೊತ್ತಾದ ದಿನ ಒಂದೂ ಇಲ್ಲ. ಜೂನ್ 5 ಇದೆಯಲ್ಲ ಎಂದರೆ, ಅದು ನಮ್ಮಲ್ಲಿ ಹೆಚ್ಚಾಗಿ ಗಿಡ ನೆಡುವ ದಿನ, ಆ ಹೊತ್ತಿಗೆ ಮೇಲ್ತೀರಕ್ಕೆ ಅಲೆ ಬಂದಾಗಿರುತ್ತದೆ.

ಇನ್ನೊಂದು ಆಕ್ಷೇಪ, ಇದು ನಮ್ಮ ಕಸವಲ್ಲ ಎಂಬುದು. ಹಡಗಿನವರದ್ದು, ಕೇರಳದ್ದು, ಗೋವಾದ್ದು, ಘಟ್ಟದ ಮೇಲಿನವರದ್ದು. ಇದರಲ್ಲೂ ಸತ್ಯವಿದೆ. 2025ರ ಮೇ 25ರಂದು ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ತಿರುವನಂತಪುರದ ತೀರಗಳಿಗೆ ರಾಶಿರಾಶಿ ಪ್ಲಾಸ್ಟಿಕ್ ಕಾಳುಗಳು ಬಂದು ಬಿದ್ದವು. ಅಲ್ಲಿನ ಪಂಚಾಯತಿಗಳು ಮಾಡಿದ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಆದರೆ ಯಾರ ಕಸ ಎಂಬ ಪ್ರಶ್ನೆಗೂ ಎಲ್ಲಿ ಪುಡಿಯಾಗುತ್ತದೆ ಎಂಬ ಪ್ರಶ್ನೆಗೂ ಸಂಬಂಧವಿಲ್ಲ. ಕಡಲು ಕೊಂಡುಹೋಗುತ್ತದೆ ಬಿಡಿ ಎಂಬ ಸಮಾಧಾನಕ್ಕೂ ಈಗ ಆಧಾರ ಉಳಿದಿಲ್ಲ. ನೆಲದಿಂದ ಸಮುದ್ರ ಸೇರುವ ತೇಲುವ ಪ್ಲಾಸ್ಟಿಕ್ಕಿನ ಕನಿಷ್ಠ ಮುಕ್ಕಾಲು ಪಾಲು ಐದು ವರ್ಷ ಕಳೆದರೂ ತೀರದ ಮೇಲೆ ಅಥವಾ ತೀರದ ಹತ್ತಿರದ ನೀರಿನಲ್ಲೇ ಇರುತ್ತದೆ ಎಂದು 2021ರಲ್ಲಿ ಪ್ರಕಟವಾದ, ಸಾಗರ ಪ್ರವಾಹಗಳ ಲೆಕ್ಕಾಚಾರ ಆಧರಿಸಿದ ಅಧ್ಯಯನವೊಂದು ಹೇಳಿದೆ. ಅಂದರೆ ಕಸ ಯಾರದೇ ಇರಲಿ, ಹುಡಿ ಬೀಳುವುದು ನಮ್ಮ ಅಂಗಳದಲ್ಲಿ, ನಮ್ಮ ನಾಡದೋಣಿಗಳು ಬಲೆ ಬೀಸುವ ನೀರಿನಲ್ಲಿ. ಬೇರೆಯವರ ದನ ನಮ್ಮ ಗದ್ದೆಗೆ ನುಗ್ಗಿದಾಗ ಮೊದಲು ಓಡಿಸುತ್ತೇವೆ, ಆಮೇಲೆ ಯಜಮಾನನನ್ನು ಹುಡುಕುತ್ತೇವೆ.

‘ಜೈವಿಕವಾಗಿ ಕೊಳೆಯುವ’ ಚೀಲಗಳು ಬಂದಿವೆಯಲ್ಲ, ಇನ್ನು ಚಿಂತೆ ಏಕೆ ಎನ್ನುವವರಿಗೆ ಮೇಲೆ ಹೇಳಿದ ಪ್ಲಿಮತ್ ಪ್ರಯೋಗವೇ ಉತ್ತರ. ಮೂರು ವರ್ಷ ಗಟ್ಟಿಯಾಗಿ ಉಳಿದ ಚೀಲಗಳಲ್ಲಿ ಅಂಥ ಹೆಸರು ಹೊತ್ತದ್ದೂ ಇತ್ತು. ಕೆಲವು ಚೀಲಗಳಿಗೆ ಬೇಗ ಶಿಥಿಲವಾಗಲೆಂದು ಲೋಹದ ಲವಣ ಸೇರಿಸುತ್ತಾರೆ. ಅವು ಬೇಗ ಮಾಡುವುದು ನುರಿಯುವುದನ್ನು, ಕೊಳೆಯುವುದನ್ನಲ್ಲ. ಐರೋಪ್ಯ ಒಕ್ಕೂಟ ಈ ಬಗೆಯನ್ನು 2019ರ ನಿರ್ದೇಶನದಲ್ಲಿ ನಿಷೇಧಿಸಿದ್ದು ಆ ಕಾರಣಕ್ಕೆ. ನಿಜವಾಗಿ ಗೊಬ್ಬರವಾಗುವ ಚೀಲಗಳನ್ನು ಪರೀಕ್ಷಿಸುವುದು ಸುಮಾರು 58 ಡಿಗ್ರಿ ಶಾಖದ ಗೊಬ್ಬರದ ರಾಶಿಯಲ್ಲಿ, ಸಮುದ್ರದಲ್ಲಲ್ಲ. ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. 2016ರಲ್ಲಿ ಜಪಾನಿನ ವಿಜ್ಞಾನಿಗಳು ವಿವರಿಸಿದ ಇಡಿಯೊನೆಲ್ಲಾ ಸಕಾಯೆನ್ಸಿಸ್ ನಿಜವಾದದ್ದೇ. ಅದು ಒಡೆಯುವುದು ನೀರಿನ ಬಾಟಲಿಯ ಪಿಇಟಿಯನ್ನು, ಅದರ ತೆಳು ಹಾಳೆಯನ್ನು, ಬೆಚ್ಚಗಿನ ಪ್ರಯೋಗಾಲಯದಲ್ಲಿ. ಚೀಲ, ಹಗ್ಗ, ಮುಚ್ಚಳಗಳ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳನ್ನು ಅದು ಮುಟ್ಟುವುದಿಲ್ಲ. ಅದನ್ನು ನಂಬಿ ಮೇ ತಿಂಗಳನ್ನು ಕಳೆಯಲಾಗದು.

ಆರೋಗ್ಯಕ್ಕೆ ಹಾನಿ ಎಂದು ಸಾಬೀತಾಗಿದೆಯೇ ಎಂಬುದು ನ್ಯಾಯವಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕುಡಿಯುವ ನೀರಿನ ಮೈಕ್ರೋಪ್ಲಾಸ್ಟಿಕ್ ಬಗ್ಗೆ ವರದಿ ಮಾಡಿದಾಗ, ಇರುವ ಪುರಾವೆ ತೀರ್ಪು ಕೊಡಲು ಸಾಲದು ಎಂದಿತ್ತು. 2024ರಲ್ಲಿ ಇಟಲಿಯ ವೈದ್ಯರು ಕುತ್ತಿಗೆಯ ರಕ್ತನಾಳ ಕಟ್ಟಿಕೊಂಡು ಶಸ್ತ್ರಚಿಕಿತ್ಸೆಗೊಳಗಾದ 257 ಮಂದಿಯನ್ನು ಗಮನಿಸಿ, ಅವರಲ್ಲಿ ಸುಮಾರು ಶೇಕಡ 58 ಜನರ ರಕ್ತನಾಳದ ಕೊಬ್ಬಿನ ಗಂಟಿನಲ್ಲಿ ಪಾಲಿಥೀನ್ ಕಂಡರು. ಪ್ಲಾಸ್ಟಿಕ್ ಇದ್ದವರಲ್ಲಿ ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವು ಸಂಭವಿಸುವ ಪ್ರಮಾಣ ನಾಲ್ಕು ಪಟ್ಟಿಗೂ ಮಿಕ್ಕಿತ್ತು. ಜೊತೆಗಿತ್ತು ಎಂದ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು ಎಂದು ಅವರೇ ಎಚ್ಚರಿಸಿದ್ದಾರೆ. ನಾನೂ ಅದನ್ನು ಮೀರಿ ಹೇಳುವುದಿಲ್ಲ. ಇಷ್ಟು ಮಾತ್ರ: ಹಾನಿ ಸಾಬೀತಾದ ಮೇಲೆ ತೆಗೆಯೋಣ ಎನ್ನಲು ತೆಗೆಯುವ ದಾರಿ ಉಳಿದಿರಬೇಕು. ನುರಿದ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಅದು ಉಳಿದಿರುವುದಿಲ್ಲ. ತಡವಾಗಿ ತಿಳಿದರೂ ಸರಿಪಡಿಸಬಹುದಾದ ತಪ್ಪುಗಳ ಸಾಲಿಗೆ ಇದು ಸೇರದು.

ತಯಾರಿಕೆಯನ್ನೇ ನಿಲ್ಲಿಸದೆ ಹೆಕ್ಕುವುದರಿಂದ ಏನು ಫಲ ಎಂಬ ಮಾತಿನಲ್ಲಿ ಸಿಟ್ಟೂ ಇದೆ, ಸತ್ಯವೂ ಇದೆ. ನಲ್ಲಿ ತಿರುಗಿಸದೆ ನೆಲ ಒರೆಸುವ ಕೆಲಸವಿದು. ಆದರೆ ನಲ್ಲಿ ಇರುವುದು ನಿಮ್ಮ ಕೈಯಲ್ಲಲ್ಲ. ಜಾಗತಿಕ ಪ್ಲಾಸ್ಟಿಕ್ ಒಪ್ಪಂದ ಮಾಡಬೇಕೆಂದು 2022ರಲ್ಲಿ ನೈರೋಬಿಯಲ್ಲಿ ನಿರ್ಣಯವಾಯಿತು. 2024ರ ಕೊನೆಗೆ ಬೂಸಾನ್‌ನಲ್ಲಿ, 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಒಮ್ಮತವಿಲ್ಲದೆ ಎದ್ದವು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಮ್ಮ ರಾಜ್ಯದ ನಿಷೇಧ 2016ರದ್ದು, ಕೇಂದ್ರದ್ದು 2022ರ ಜುಲೈ 1ರಿಂದ. ಯಾವುದೇ ಮೀನು ಮಾರುಕಟ್ಟೆಗೆ ಹೋಗಿ ನಿಂತರೆ ಅವುಗಳ ಬಲ ಎಷ್ಟೆಂದು ತಿಳಿಯುತ್ತದೆ. ಬಟ್ಟೆ ಒಗೆದ ನೀರಿನಿಂದ ಬರುವ ನೂಲಿನೆಳೆ, ಟೈರು ಸವೆದು ಬರುವ ಹುಡಿ ಇವೂ ಮೈಕ್ರೋಪ್ಲಾಸ್ಟಿಕ್ಕೇ, ಅವಕ್ಕೂ ನಿಮ್ಮಲ್ಲಿ ಮದ್ದಿಲ್ಲ. ನಿಮ್ಮ ಕೈಯಲ್ಲಿರುವುದು 320 ಕಿಲೋಮೀಟರಿನಷ್ಟು ತೀರ ಮತ್ತು ಮೇ ತಿಂಗಳು.

ಒಂದು ವಿಷಯದಲ್ಲಂತೂ ನಲ್ಲಿ ನಿಮ್ಮ ಕೈಯಲ್ಲೇ ಇದೆ, ಅದನ್ನು ಬಿಚ್ಚಿಯೇ ಹೇಳುತ್ತೇನೆ. ಕಡಲ್ಕೊರೆತ ಜೋರಾದಾಗ ತುರ್ತಾಗಿ ಮರಳು ತುಂಬಿ ಒಡ್ಡುವ ಚೀಲಗಳು ಯಾವುವು? ಸಿಮೆಂಟಿನ, ಗೊಬ್ಬರದ, ಅಕ್ಕಿಯ ನೇಯ್ದ ಚೀಲಗಳು. ಬಹುಪಾಲು ಪಾಲಿಪ್ರೊಪಿಲೀನ್, ಕೊರಿಯಾದ ಪ್ರಯೋಗದಲ್ಲಿ ಒಂದು ಕಾಳು ಆರು ಸಾವಿರ ಚೂರಾದ ಅದೇ ವಸ್ತು. ಅದನ್ನೇ ತೆಳ್ಳನೆಯ ಪಟ್ಟಿಗಳಾಗಿ ನೇಯ್ದು, ಒಳಗೆ ಉಜ್ಜಲು ಮರಳನ್ನೂ ತುಂಬಿ, ಬಿಸಿಲಿಗೂ ಅಲೆಗೂ ನಡುವೆ ಸರ್ಕಾರಿ ಖರ್ಚಿನಲ್ಲಿ ಇಡುತ್ತೇವೆ. ಮನೆ ಕಳೆದುಕೊಳ್ಳುವ ಭಯದಲ್ಲಿರುವವರಿಗೆ ಇಡಬೇಡಿ ಎನ್ನುವಷ್ಟು ಕಟುಕತನ ನನಗಿಲ್ಲ. ಆದರೆ ಮಳೆಗಾಲ ಮುಗಿದ ಮೇಲೆ ಆ ಚೀಲಗಳನ್ನು ಎತ್ತಿ ಸಾಗಿಸಲು ಅಂದಾಜುಪಟ್ಟಿಯಲ್ಲಿ ಒಂದು ಸಾಲು ಇರಬೇಕು, ಮುಂದಿನ ಬೇಸಿಗೆ ಅವುಗಳನ್ನು ಅಲ್ಲೇ ನೋಡುವಂತಾಗಬಾರದು. ದೋಣಿಗೆ ಹೊದಿಸಿದ ನೀಲಿ ಟಾರ್ಪಾಲು ಹರಿದಾಗ, ಬಲೆ ದುರಸ್ತಿಯಲ್ಲಿ ಕತ್ತರಿಸಿದ ತುಂಡು ಬಿದ್ದಾಗ, ಬಂದರಿನಲ್ಲಿ ಐಸು ತುಂಬುವ ಥರ್ಮಾಕೋಲ್ ಪೆಟ್ಟಿಗೆ ಒಡೆದಾಗ ಹಾಕಲು ಒಂದು ಜಾಗವೂ ಬೇಕು. ಜೂನ್ 1ರಿಂದ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ದೋಣಿಗಳು ದಡಕ್ಕೆ ಬರುವ ಆ ಕೊನೆಯ ವಾರದಲ್ಲೇ ಮೀನುಗಾರರ ಸೊಸೈಟಿಗಳ ಜೊತೆ ಕೂತು ಇದನ್ನು ಏರ್ಪಾಡು ಮಾಡುವುದು ಸುಲಭ.

ಹೆಕ್ಕುವ ರೀತಿಯ ಬಗ್ಗೆಯೂ ಎರಡು ಮಾತು. ಮರಳಿನಲ್ಲಿ ಹೂಳಬೇಡಿ, ಮಳೆಗಾಲದ ಕಡಲು ಅದನ್ನು ಬಗೆದು ತೆಗೆಯುತ್ತದೆ. ತೀರದಲ್ಲೇ ಸುಡಬೇಡಿ, ಅರೆಬೆಂದ ಪ್ಲಾಸ್ಟಿಕ್ ಇನ್ನೂ ಬೇಗ ಪುಡಿಯಾಗುತ್ತದೆ, ಹೊಗೆಯ ವಿಷ ಬೇರೆ. ಯಂತ್ರದ ಬಾಚಣಿಗೆ ನೋಡಲು ಚೆಂದ, ಆದರೆ ಒಣಗಿದ್ದನ್ನು ಅದೇ ಪುಡಿ ಮಾಡುತ್ತದೆ, ಕಡಲಾಮೆಗಳು ಮೊಟ್ಟೆಯಿಡುವ ಜಾಗದಲ್ಲಂತೂ ಬೇಡವೇ ಬೇಡ. ಕೈಯಿಂದ ಹೆಕ್ಕುವುದೇ ಸರಿ, ಅದೂ ಜನ ಓಡಾಡುವ ಕೆಳತೀರದಲ್ಲಿ ಮಾತ್ರವಲ್ಲ, ಮೇಲಿನ ಬಳ್ಳಿ, ತೋಪು, ಬಂಡೆಸಾಲಿನ ಸಂದಿಗಳಲ್ಲಿ. 2020ರಲ್ಲಿ ಸ್ವಚ್ಛ ತೀರಗಳಿಗೆ ಕೊಡುವ ನೀಲಿ ಧ್ವಜ ಪಡೆದ ಪಡುಬಿದ್ರಿ, ಕಾಸರಕೋಡು ತೀರಗಳಂಥ ಕಡೆ ಇದು ದಿನದ ಕೆಲಸ. ಧ್ವಜವಿಲ್ಲದ ಪಕ್ಕದ ತೀರಕ್ಕೂ ಅದೇ ಬಿಸಿಲು, ಅದೇ ಅಲೆ. ತಿಂಗಳಿಗೊಮ್ಮೆ ಹೆಕ್ಕಿದರೆ ಸಾಲದೇ ಎಂದರೆ, ಸಾಕು, ಕೊನೆಯದು ಮೇ ತಿಂಗಳಲ್ಲಿ ಬಿದ್ದರೆ. ಹಣದ ಮಾತು ಬಂದರೆ ಇದನ್ನೂ ಲೆಕ್ಕಕ್ಕಿಡಿ: ಗಟ್ಟಿಯಾಗಿರುವಾಗ ಸಿಕ್ಕ ಪ್ಲಾಸ್ಟಿಕ್ಕಿಗೆ ಒಣಕಸ ವಿಂಗಡಿಸುವ ಎಂಆರ್‌ಎಫ್ ಘಟಕದಲ್ಲಿ ಬೆಲೆಯಿದೆ, ಬಿಸಿಲಿಗೆ ಬಿಳಿಚಿ ಪುಡಿಯಾಗುವುದನ್ನು ಗುಜರಿಯವರೂ ಮುಟ್ಟುವುದಿಲ್ಲ. ಇನ್ನು, ನಮ್ಮ ಕಸವೇ ಮಳೆಗೆ ಕೊಚ್ಚಿಹೋಗದಂತೆ ನೋಡಿಕೊಳ್ಳುವುದು ಬೇರೆಯೇ ದೊಡ್ಡ ಕೆಲಸ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ತೋಟಗಳನ್ನು ಮುಚ್ಚಿದ್ದನ್ನು ನೋಡಿದ ಜಿಲ್ಲೆಗೆ ಅದನ್ನು ಹೊಸದಾಗಿ ಹೇಳಬೇಕಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೆ. ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧವಾಗುವ ಸಭೆಯಲ್ಲಿ, ಮಳೆಗಾಲಕ್ಕೆ ಮೊದಲು ಚರಂಡಿ ಹೂಳೆತ್ತುವ ಸಾಲಿನ ಕೆಳಗೆ ಇನ್ನೊಂದು ಸಾಲು ಬರೆಸಿ: ಮೇ 15ರಿಂದ 31ರೊಳಗೆ ಮೇಲ್ತೀರದ ಪ್ಲಾಸ್ಟಿಕ್ ತೆರವು, ಹೊಣೆ ಇಂಥ ವಾರ್ಡಿನ ಇಂಥ ಸದಸ್ಯರದು. ಹೆಸರು ಹಾಕಿಯೇ ಬರೆಸಿ.

ಇತಿ,
ಕಡಲಂಚಿನ ಒಬ್ಬ ಮತದಾರ